ಪಾಳು ಗದ್ದೆಯಲ್ಲಿ ಹೊಸಬರಿಗೆ ಬೇಸಾಯ ಕಲಿಸುವುದು: ದ್ವೀಪದವರ ಕ್ರಮ ಕೊಡಗಿಗೆ ಒಗ್ಗೀತೇ?

ಪ್ರಶ್ನೆ – ಗದ್ದೆಬದಿ, ಪೊನ್ನಂಪೇಟೆ

ಎಲ್ಲರಿಗೂ ನಮಸ್ಕಾರ. ನಮ್ಮ ಸ್ವಸಹಾಯ ಸಂಘಗಳ ಒಕ್ಕೂಟ ಹನ್ನೆರಡು ಜನ ಹೊಸಬರಿಗೆ ಬೇಸಾಯ ಕಲಿಸುವ ಯೋಜನೆ ಹಾಕಿದೆ. ಐವರು ಲೈನ್ ಮನೆಗಳ (ತೋಟದ ಕೂಲಿಯವರ ಸಾಲುಮನೆ) ಹುಡುಗ ಹುಡುಗಿಯರು, ಮೂವರು ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದವರು, ಇಬ್ಬರು ಸೇನೆಯಿಂದ ನಿವೃತ್ತರಾದವರು, ಇಬ್ಬರು ಹೋಂಸ್ಟೇಯಲ್ಲಿ ಅಡುಗೆ ಮಾಡುವ ಹೆಂಗಸರು. ಕಾಫಿ ಗಿಡದ ಕೊಂಬೆ ಸವರುವುದು, ಮೆಣಸು ಕೊಯ್ಲು ಇವರಲ್ಲಿ ಬಹಳ ಜನರಿಗೆ ಗೊತ್ತು. ತರಕಾರಿ, ಗೆಡ್ಡೆ, ಭತ್ತ ಯಾರಿಗೂ ಸರಿಯಾಗಿ ಗೊತ್ತಿಲ್ಲ.

ಕೊಡಗು ದ್ವೀಪವೇನಲ್ಲ. ಆದರೂ 2018, 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು, ಕಾವೇರಿ ಉಕ್ಕಿ ರಸ್ತೆ ಮುಚ್ಚಿದಾಗ ಅಂಗಡಿಯಲ್ಲಿ ಆಲೂಗಡ್ಡೆ, ಈರುಳ್ಳಿ ಬಿಟ್ಟರೆ ಬೇರೆ ಸಿಗುವುದು ಕಷ್ಟವಾಗಿತ್ತು. ಕಾಫಿ ಹೊರಗೆ ಕಳಿಸಿ ಸೊಪ್ಪನ್ನು ಮೈಸೂರು, ಹುಣಸೂರು ಕಡೆಯಿಂದ ತರಿಸಿಕೊಳ್ಳುತ್ತಿದ್ದೇವೆ. ಹವಾಯಿಯಂಥ ದ್ವೀಪಗಳಲ್ಲಿ ಹೊಸ ರೈತರನ್ನು ಹಂತಹಂತವಾಗಿ ತಯಾರು ಮಾಡುತ್ತಾರೆ ಎಂದು ಓದಿದ್ದರಿಂದ ಈ ಪ್ರಶ್ನೆ.

ಜಾಗ: ಐದು ವರ್ಷದಿಂದ ಪಾಳು ಬಿದ್ದ ಒಂದೂವರೆ ಎಕರೆ ಗದ್ದೆ, ಅದರ ಮೇಲ್ಭಾಗದ ಬಾಣೆ (ಗದ್ದೆಗೆ ತಾಗಿದ ಎತ್ತರದ ಜಾಗ) ಅಂಚಿನಲ್ಲಿ ಬಿಸಿಲು ಬೀಳುವ 30 ಸೆಂಟ್. ಕೆರೆ ನೀರು ಮಾರ್ಚ್ ಕೊನೆಯವರೆಗೆ ಇರುತ್ತದೆ. ಕಾಡುಹಂದಿ ದಿನಾ ಬರುತ್ತದೆ, ಆನೆ ಹಲಸಿನ ಕಾಲದಲ್ಲಿ. ಕೈಯಲ್ಲಿರುವುದು ಮೂರು ಲಕ್ಷ ರೂಪಾಯಿ. ತರಬೇತಿ ಎಷ್ಟು ದಿನ ಇರಬೇಕು, ಯಾವಾಗ ಶುರು ಮಾಡಬೇಕು, ಏನು ಬೆಳೆಸಬೇಕು, ಎಲ್ಲಿ ಮಾರಬೇಕು? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಉತ್ತರ 1 – ಏಣಿಮೆಟ್ಟಿಲು

ದ್ವೀಪದವರಿಂದ ತೆಗೆದುಕೊಳ್ಳಬೇಕಾದ್ದು ಅವರ ಬೆಳೆಯನ್ನಲ್ಲ, ಸೋಸುವ ಕ್ರಮವನ್ನು. ಹವಾಯಿ ತನ್ನ ಆಹಾರದಲ್ಲಿ ನೂರಕ್ಕೆ 85ರಿಂದ 90 ಭಾಗವನ್ನು ಹೊರಗಿಂದ ತರಿಸಿಕೊಳ್ಳುತ್ತದೆ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಅಲ್ಲಿನ ವಿಶ್ವವಿದ್ಯಾಲಯದ ಕೃಷಿ ಕಾಲೇಜು ನಡೆಸುವ ಗೋಫಾರ್ಮ್ ಹವಾಯಿ ಎಂಬ ಕಾರ್ಯಕ್ರಮದಲ್ಲಿ ಮೆಟ್ಟಿಲುಗಳಿವೆ. ಮೊದಲು ಕೆಲವೇ ಗಂಟೆಗಳ ಮಾಹಿತಿ ಸಭೆ. ಆಮೇಲೆ ಕೆಲವು ದಿನ ಕೈಕೆಲಸದ ರುಚಿ. ಅದಾದ ಮೇಲೂ ಉಳಿದವರಿಗೆ ಕೆಲ ತಿಂಗಳ ಹೊಲದ ಪಾಠ. ಅದರಲ್ಲಿ ಗಟ್ಟಿಯಾದವರಿಗೆ ವ್ಯಾಪಾರದ ಪಾಠ, ಕೊನೆಗೆ ಸ್ವಂತ ಬೇಸಾಯ ಶುರು ಮಾಡಲು ಸಣ್ಣ ಜಾಗ. ಮೇಲೆ ಹೋದ ಹಾಗೆ ಜನ ಕಡಿಮೆಯಾಗುತ್ತಾರೆ, ಅದು ಉದ್ದೇಶಪೂರ್ವಕ. ನಮ್ಮಲ್ಲಿ ಇದರ ತದ್ವಿರುದ್ಧ ನಡೆಯುತ್ತದೆ: ಮೂರು ದಿನದ ಶಿಬಿರ, ಊಟ, ಪ್ರಮಾಣಪತ್ರ, ಫೋಟೋ. ಬೀಜ ಹಾಕಿ ಕಾಯಿ ಮಾರುವ ತನಕ ಯಾರೂ ನಿಲ್ಲುವುದಿಲ್ಲ.

ಓವಾಹು ದ್ವೀಪದ ವಾಯನಾಯೆಯಲ್ಲಿ ಮಾವೊ ಎಂಬ ಸಾವಯವ ತೋಟ 2001ರಿಂದ ನಡೆಯುತ್ತಿದೆ. ಅಲ್ಲಿ ಹುಡುಗರು ತೋಟದಲ್ಲಿ ದುಡಿಯುತ್ತಾರೆ, ಅದಕ್ಕೆ ಭತ್ಯೆಯೂ ಕಾಲೇಜು ಶುಲ್ಕಕ್ಕೆ ನೆರವೂ ಸಿಗುತ್ತದೆ. ಇದನ್ನು ಹೇಳಲು ಕಾರಣವಿದೆ. ನಿಮ್ಮ ಲೈನ್ ಮನೆಯ ಐವರಿಗೆ ದಿನಗೂಲಿ ಬಿಟ್ಟು ಬಂದು ಪುಕ್ಕಟೆ ಕಲಿಯುವುದು ಆಗದ ಮಾತು. ಭತ್ಯೆ ಇಲ್ಲದಿದ್ದರೆ ಕಾಫಿ ಹಣ್ಣು ಕೊಯ್ಲು ಶುರುವಾದ ವಾರವೇ ಅವರು ಕಾಣಿಸುವುದಿಲ್ಲ, ಅದರಲ್ಲಿ ಅವರ ತಪ್ಪೂ ಇಲ್ಲ. ಮೂರು ಲಕ್ಷದಲ್ಲಿ ಮೂರನೇ ಒಂದು ಭಾಗ ಭತ್ಯೆಗೇ ತೆಗೆದಿಡಿ.

ಕಾಲ ಹೊಂದಿಸುವುದೇ ಇಲ್ಲಿ ದೊಡ್ಡ ಕೆಲಸ. ಅರೇಬಿಕಾ ಹಣ್ಣು ನವೆಂಬರ್‌ನಿಂದ, ರೋಬಸ್ಟಾ ಜನವರಿಯಿಂದ. ಈ ನಡುವೆ ಪೂರ್ತಿ ದಿನದ ತರಗತಿ ಇಟ್ಟರೆ ಕೆಟ್ಟಿರಿ. ನನ್ನ ಪ್ರಕಾರ ಹೀಗೆ ಇಡಿ: ಜೂನ್‌ನಲ್ಲಿ ಒಂದು ಮಧ್ಯಾಹ್ನ ಎಲ್ಲರನ್ನೂ ಕರೆದು, ವರ್ಷಕ್ಕೆ ಎಷ್ಟು ಕೆಲಸ, ಎಷ್ಟು ದುಡ್ಡು, ಎಲ್ಲೆಲ್ಲಿ ನಷ್ಟ ಎಂದು ಮುಚ್ಚಿಡದೆ ಹೇಳಿ. ಜುಲೈ ನಾಟಿಗೆ ಮೂರು ದಿನ ಗದ್ದೆಗಿಳಿಸಿ: ಒಂದು ದಿನ ಅಗೆ (ಭತ್ತದ ಸಸಿ) ಕೀಳುವುದು, ಒಂದು ದಿನ ಬದು ಕಡಿದು ಮೆತ್ತುವುದು, ಒಂದು ದಿನ ನಾಟಿ. ಗೊರಗ (ಮಳೆಗೆ ಹೊದೆಯುವ ಗೊರಬೆ) ಹಾಕಿಕೊಂಡು ಮೂರನೇ ದಿನವೂ ಬಂದವರನ್ನು ಮುಂದಕ್ಕೆ ತೆಗೆದುಕೊಳ್ಳಿ. ಆಗಸ್ಟ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ ವಾರಕ್ಕೆ ಮೂರು ದಿನ ಪಾಠ. ಅಲ್ಲಿಂದ ಫೆಬ್ರವರಿಯವರೆಗೆ ಬೆಳಗ್ಗೆ ಆರೂವರೆಯಿಂದ ಎಂಟೂವರೆ ಮಾತ್ರ. ಆಮೇಲೆ ಅವರವರ ಕೂಲಿಗೆ ಬಿಡಿ.

ಒಬ್ಬೊಬ್ಬರಿಗೆ 2 ಸೆಂಟ್, ಅಂದರೆ 80 ಚದರ ಮೀಟರ್, ಹೆಸರು ಬರೆದ ಗೂಟ ಹಾಕಿ ಕೊಡಿ. ಎಲ್ಲರೂ ಸೇರಿ ಒಂದೇ ಮಡಿ ಮಾಡಿದರೆ ಕಳೆ ಕೀಳುವವರು ಇಬ್ಬರೇ ಆಗುತ್ತಾರೆ. ಪುಸ್ತಕದಲ್ಲಿ ಐದೇ ಕಾಲಂ: ತಾರೀಕು, ಕೆಲಸ, ಗಂಟೆ, ಹಾಕಿದ್ದು, ಕೊಯ್ದ ಕಿಲೋ. ಗಂಟೆಯ ಕಾಲಂ ಬರೆಸಲೇಬೇಕು. ಕಿಲೋ ಬೀನ್ಸ್‌ಗೆ ಎಷ್ಟು ಗಂಟೆ ಹೋಯಿತು ಎಂದು ತಿಳಿಯದವನಿಗೆ ಬೆಲೆ ಕಟ್ಟಲು ಬರುವುದಿಲ್ಲ.

ಉತ್ತರ 2 – ಮಣ್ಣುಪರೀಕ್ಷೆ

ಮೇಲಿನವರು ಹೇಳಿದ ಕ್ರಮ ಸರಿ. ಆದರೆ ಮಣ್ಣು ತಯಾರಾಗಿರದಿದ್ದರೆ ಹೊಸಬರು ಕಲಿಯುವುದು ಒಂದೇ, ತರಕಾರಿ ಬರುವುದಿಲ್ಲ ಎಂದು. ಈಗಲೇ ಗದ್ದೆಯಿಂದ ಒಂದು, ಬಾಣೆ ಅಂಚಿನಿಂದ ಒಂದು, ಬೇರೆ ಬೇರೆ ಮಾದರಿ ತೆಗೆಯಿರಿ. ಹತ್ತು ಕಡೆ ಆರು ಅಂಗುಲ ಆಳಕ್ಕೆ ಇಂಗ್ಲಿಷಿನ ವಿ ಆಕಾರದ ಗುಂಡಿ ತೋಡಿ, ಗುಂಡಿಯ ಪಕ್ಕದಿಂದ ಮೇಲಿಂದ ಕೆಳಗೆ ಒಂದು ಪದರ ಕೆರೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಕೊಡಿ. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ನಮ್ಮ ಕಡೆ ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದುಬಿಡುವುದರಿಂದ ಮಣ್ಣು ಹುಳಿ. ಪಿಎಚ್ (ಹುಳಿಯ ಅಳತೆ) 5ರ ಆಸುಪಾಸು ಬಂದರೆ ಚದರ ಮೀಟರಿಗೆ 200ರಿಂದ 250 ಗ್ರಾಂ ಕೃಷಿ ಸುಣ್ಣ, ಅಂದರೆ ಎಕರೆಗೆ ಹತ್ತಿರ ಹತ್ತಿರ ಒಂದು ಟನ್. ಒಂದೇ ಸಲಕ್ಕೆ ಇದಕ್ಕಿಂತ ಹೆಚ್ಚು ಬೇಡ. ನೆಲದಲ್ಲಿ ಹಸಿ ಇರುವಾಗ ಎರಚಿ ಮಣ್ಣಿಗೆ ಸೇರಿಸಿ, ಮೂರು ನಾಲ್ಕು ವಾರ ಬಿಟ್ಟು ಗೊಬ್ಬರ ಕೊಡಿ. ಸುಣ್ಣವನ್ನೂ ಕೊಟ್ಟಿಗೆ ಗೊಬ್ಬರವನ್ನೂ ಒಂದೇ ದಿನ ಬೆರೆಸಿದರೆ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ, ಮೂಗಿಗೇ ಗೊತ್ತಾಗುತ್ತದೆ.

ಗೊಬ್ಬರ ಸೆಂಟಿಗೆ 100 ಕಿಲೋ. ಕಾಫಿ ಹೊಟ್ಟು ಸುತ್ತಮುತ್ತ ರಾಶಿ ಇದೆಯೆಂದು ಹಸಿಯಾಗಿಯೇ ಮಡಿಗೆ ಸುರಿಯಬೇಡಿ. ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ತಿನ್ನುತ್ತದೆ, ಗಿಡ ಹಳದಿಯಾಗಿ ನಿಂತಲ್ಲೇ ನಿಲ್ಲುತ್ತದೆ. ಸಗಣಿ, ಹಸಿ ಸೊಪ್ಪಿನ ಜೊತೆ ಪದರ ಹಾಕಿ, ತಿಂಗಳಿಗೊಮ್ಮೆ ತಿರುವಿ, ನಾಲ್ಕು ತಿಂಗಳು ಕೊಳೆಸಿದ ಮೇಲೆ ಅದಕ್ಕಿಂತ ಒಳ್ಳೆ ಗೊಬ್ಬರ ಬೇರೆ ಇಲ್ಲ.

ಮಡಿ ಒಂದು ಮೀಟರ್ ಅಗಲ, ಒಂದಡಿ ಎತ್ತರ, ನಡುವೆ ಒಂದೂವರೆ ಅಡಿ ಕಾಲುವೆ. ಗದ್ದೆಯಲ್ಲಿ ಇಷ್ಟೇ ಸಾಲದು. ವರ್ಷಾನುಗಟ್ಟಲೆ ಕೆಸರು ಮಾಡಿದ್ದರಿಂದ ಅರ್ಧ ಮುಕ್ಕಾಲು ಅಡಿ ಕೆಳಗೆ ಗಟ್ಟಿ ಪದರವಿರುತ್ತದೆ. ಬಾಣೆಯಿಂದ ಇಳಿಯುವ ಜಲ ಅದರ ಮೇಲೆ ನಿಲ್ಲುತ್ತದೆ. ಮೇಲ್ಬದಿಯ ಬದುವಿನ ಬುಡದಲ್ಲಿ ಎರಡಡಿ ಆಳದ ಅಡ್ಡಕಾಲುವೆ ತೆಗೆದು ಪಕ್ಕದ ತೋಡಿಗೆ ಬಿಟ್ಟರೆ ಮಾತ್ರ ಬೇಸಿಗೆ ತರಕಾರಿ ಬೇರು ಬಿಡುತ್ತದೆ.

ಇನ್ನೊಂದು ಮಾತು. ಆ ಗದ್ದೆಯಲ್ಲಿ ಮೊದಲು ಶುಂಠಿ ಹಾಕಿದ್ದರೇ? ಹಾಕಿದ್ದರೆ ಟೊಮೆಟೊ, ಬದನೆ, ಮೆಣಸಿನಕಾಯಿ ಮೊದಲ ವರ್ಷ ಬೇಡ. ಸೊರಗು ರೋಗದ ಬ್ಯಾಕ್ಟೀರಿಯಾ ಮಣ್ಣಿನಲ್ಲೇ ಉಳಿದಿರುತ್ತದೆ. ಗಿಡ ಮಧ್ಯಾಹ್ನ ಹಸಿರಾಗಿದ್ದುಕೊಂಡೇ ಜೋತುಬಿದ್ದರೆ ಬುಡದಿಂದ ಎರಡು ಅಂಗುಲ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಅಲುಗಾಡದೆ ಹಿಡಿಯಿರಿ. ಎರಡು ಮೂರು ನಿಮಿಷದೊಳಗೆ ಕತ್ತರಿಸಿದ ಜಾಗದಿಂದ ಹಾಲಿನ ಎಳೆಯಂತೆ ಬಿಳಿ ದಾರ ಕೆಳಗಿಳಿದರೆ ಅದು ಸೊರಗು ರೋಗವೇ. ಔಷಧಿ ಅಂಗಡಿಗೆ ಓಡುವುದು ದಂಡ. ಗಿಡ ಕಿತ್ತು ಸುಡಿ, ಕತ್ತಿ ತೊಳೆಯಿರಿ, ಆ ಮಡಿಯ ನೀರು ಪಕ್ಕದ ಮಡಿಗೆ ಹೋಗದಂತೆ ಕಟ್ಟಿ. ಈ ಪರೀಕ್ಷೆಯನ್ನು ಹನ್ನೆರಡು ಜನರಿಂದಲೂ ಕೈಯಾರೆ ಮಾಡಿಸಿ. ಟೊಮೆಟೊ ಬೇಕೇ ಬೇಕು ಅಂದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಸೊರಗು ರೋಗವನ್ನು ಒಂದು ಮಟ್ಟಿಗೆ ತಡೆಯುತ್ತದೆ. ಸೊರಗು ರೋಗ ತಡೆಯುವ ಬದನೆ ತಳಿಯ ಬೇರಿಗೆ ಕಸಿ ಕಟ್ಟಿದ ಸಸಿ ಸಿಕ್ಕರೆ ಇನ್ನೂ ಮೇಲು.

ಉತ್ತರ 3 – ಟೆಕ್‌ಕೃಷಿ

ಇಷ್ಟೆಲ್ಲ ಮಣ್ಣಿನ ರಗಳೆ ಯಾಕೆ? ಮಣ್ಣಿಲ್ಲದ ಬೇಸಾಯ, ಹೈಡ್ರೋಪೋನಿಕ್ಸ್ ಮಾಡಿ. ಹೋಂಸ್ಟೇಗಳು ಲೆಟ್ಯೂಸ್‌ಗೆ ಒಳ್ಳೆ ಬೆಲೆ ಕೊಡುತ್ತವೆ.

ಉತ್ತರ 4 – ಮಣ್ಣುಪರೀಕ್ಷೆ

ಜುಲೈನಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದಿದ್ದರೆ ಪಂಪ್ ಓಡಿಸುವವರು ಯಾರು ಸಾರ್? ನೀರು ಹರಿಯುವ ಪೈಪಿನಲ್ಲಿ ಬೇರು ಕೆಲವೇ ಗಂಟೆಯಲ್ಲಿ ಒಣಗುತ್ತದೆ. ರಸ್ತೆ ಮುಚ್ಚಿದಾಗ ಊರಿಗೆ ಊಟ ಸಿಗಬೇಕು ಎನ್ನುವುದು ಇಲ್ಲಿ ಪ್ರಶ್ನೆ. ಲೆಟ್ಯೂಸ್ ಊಟವಲ್ಲ.

ಉತ್ತರ 5 – ಚೇನೆಕೆಸ

ಇದೇ ಮಾತನ್ನು ಇನ್ನೂ ಸ್ವಲ್ಪ ಎಳೆಯುತ್ತೇನೆ. ಎಲ್ಲರೂ ತರಕಾರಿ ಎನ್ನುತ್ತಿದ್ದೀರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಿನಲ್ಲಿ ತರಕಾರಿ ಬೆಳೆಸುವುದು ಕುಶಾಲನಗರ ಕಡೆ ಆದೀತು, ನಾಪೋಕ್ಲು, ಭಾಗಮಂಡಲ ಕಡೆ ಆಗದು. ಮುಚ್ಚಿದ ರಸ್ತೆಯ ಹೊತ್ತಿಗೆ ಕೈ ಹಿಡಿಯುವುದು ಅಕ್ಕಿ ಮತ್ತು ಗೆಡ್ಡೆ. ಅವು ಕೆಡುವುದಿಲ್ಲ, ಶೀತಲ ಪೆಟ್ಟಿಗೆ ಕೇಳುವುದಿಲ್ಲ.

ಒಂದೂವರೆ ಎಕರೆಯಲ್ಲಿ ಒಂದು ಎಕರೆಗೆ ಭತ್ತವನ್ನೇ ಹಾಕಿ. ತುಂಗಾ, ಅತಿರಾ, ಇಂಟಾನ್ ನಮ್ಮಲ್ಲಿ ಬಳಕೆಯಲ್ಲಿರುವ ತಳಿಗಳು, ಬೀಜ ಸಿಗುತ್ತದೆ. ಭತ್ತದಿಂದ ಮತ್ತೊಂದು ಲಾಭ: ತಿಂಗಳುಗಟ್ಟಲೆ ನೀರು ನಿಂತರೆ ಸೊರಗು ರೋಗದ ಸೋಂಕೂ ಬೇರುಗಂಟಿನ ಹುಳುವೂ ಕಡಿಮೆಯಾಗುತ್ತವೆ. ಕೊಯ್ಲು ಮುಗಿದ ಮೇಲೆ ಅದೇ ನೆಲಕ್ಕೆ ತರಕಾರಿ ಬಂದರೆ ಅರ್ಧ ರೋಗ ತಾನಾಗಿ ಹೋಗಿರುತ್ತದೆ.

ಸುವರ್ಣಗೆಡ್ಡೆಗೆ ಬಾಣೆ ಅಂಚಿನಲ್ಲಿ 5 ಸೆಂಟ್ ಕೊಡಿ. ಮಾರ್ಚ್ ಕೊನೆ ಅಥವಾ ಏಪ್ರಿಲ್‌ನಲ್ಲಿ, ಮೊದಲ ಮಳೆ ಬಿದ್ದಾಗ, ಮೂರಡಿಗೆ ಮೂರಡಿ ಅಂತರದಲ್ಲಿ ಒಂದೂವರೆ ಅಡಿ ಗುಂಡಿ. ಪ್ರತಿ ಗುಂಡಿಗೆ 2 ಕಿಲೋ ಗೊಬ್ಬರ, ಅರ್ಧ ಕಿಲೋ ತೂಕದ ತುಂಡು. ಪ್ರತಿ ತುಂಡಿನಲ್ಲೂ ನಡುಮೊಳಕೆಯ ಭಾಗ ಒಂದಿಷ್ಟಾದರೂ ಇರಬೇಕು, ಇಲ್ಲದಿದ್ದರೆ ಹುಟ್ಟುವುದೇ ಇಲ್ಲ. ಹೊಸಬರು ಎಡವುವುದು ಇಲ್ಲಿಯೇ, ಆಲೂಗಡ್ಡೆ ಕತ್ತರಿಸಿದ ಹಾಗೆ ಕತ್ತರಿಸಿಬಿಡುತ್ತಾರೆ. ಕತ್ತರಿಸಿದ ಮುಖವನ್ನು ಸಗಣಿ ಬಗ್ಗಡದಲ್ಲಿ ಅದ್ದಿ ನೆರಳಲ್ಲಿ ಒಂದು ದಿನ ಒಣಗಿಸಿ ನೆಡಿ. ಐದು ಸೆಂಟಿಗೆ 240 ತುಂಡು, ಅಂದರೆ 120 ಕಿಲೋ ಬಿತ್ತನೆ ಗೆಡ್ಡೆ ಬೇಕು. ಮೊದಲ ವರ್ಷ ಅದೇ ದೊಡ್ಡ ಖರ್ಚು. ನವೆಂಬರ್‌ನಲ್ಲಿ ಎಲೆ ಹಳದಿಯಾಗಿ ಮಲಗಿದ ಮೇಲೆ ಅಗೆಯಬಹುದು. ಅಗೆಯದೆ ಬಿಟ್ಟರೂ ತಿಂಗಳೆರಡು ತಿಂಗಳು ನೆಲದಲ್ಲೇ ಕೂತಿರುತ್ತದೆ, ಹಂದಿ ಬಿಟ್ಟರೆ.

ಕೆಸ, ಮರಗೆಣಸು, ಸಿಹಿಗೆಣಸಿಗೂ ಜಾಗ ಇಡಿ. ಸಿಹಿಗೆಣಸಿನ ಬಳ್ಳಿ ಮುಕ್ಕಾಲು ಅಡಿ ಉದ್ದ ಕತ್ತರಿಸಿ, ಎರಡಡಿ ಅಂತರದ ದಿಣ್ಣೆಯ ಮೇಲೆ ಮುಕ್ಕಾಲಡಿಗೊಂದರಂತೆ, ನಡುವಿನ ಗಿಣ್ಣುಗಳು ಮಣ್ಣಿನಡಿ ಹೋಗುವಂತೆ ನೆಟ್ಟರೆ ನಾಲ್ಕು ತಿಂಗಳಲ್ಲಿ ಗೆಣಸು. ಮಳೆಗಾಲದ ಕಣಿಲೆ (ಎಳೆ ಬಿದಿರು), ಕುಮ್ಮು (ಅಣಬೆ), ಕಾಡು ಕೆಸದ ಎಲೆ ಇವೂ ಊರಿನ ಊಟವೇ. ಕಣಿಲೆ ಮಾರುವುದಾದರೆ ಹೆಚ್ಚಿ ಎರಡು ಮೂರು ದಿನ ನೀರಲ್ಲಿಟ್ಟು, ದಿನಾ ನೀರು ಬದಲಿಸಿ, ಆಮೇಲೆ ಬೇಯಿಸಿ ಕೊಡಿ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ಊರಿನವರಿಗೆ ಗೊತ್ತು, ಪ್ರವಾಸಿಗರಿಗೆ ಗೊತ್ತಿಲ್ಲ. ಗುರುತು ಸಿಗದ ಅಣಬೆಯನ್ನು ಮಾತ್ರ ಯಾರಿಗೂ ಮಾರಬೇಡಿ.

ಹವಾಯಿಯ ಮಾತು ಬಂತಲ್ಲ. ಅಲ್ಲಿ 2016ರಲ್ಲಿ ದೀವಿಹಲಸು ಬೆಳೆಯುವವರು ಸೇರಿ ಸಹಕಾರ ಸಂಘ ಕಟ್ಟಿದರು. ಹಣ್ಣನ್ನು ಬೇಯಿಸಿ, ತುಂಡು ಮಾಡಿ, ಹೆಪ್ಪುಗಟ್ಟಿಸಿ ಶಾಲೆ, ಹೋಟೆಲುಗಳಿಗೆ ಕೊಡುತ್ತಾರೆ. ನಮ್ಮಲ್ಲಿ ಹಲಸು ತೋಟದಲ್ಲಿ ಬಿದ್ದು ಕೊಳೆತು ಆನೆ ಕರೆಯುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಎಳೆ ಹಲಸು ಇಳಿಸಿಬಿಟ್ಟರೆ ಮಾರಾಟಕ್ಕೂ ಆಯಿತು, ಆನೆಗೆ ಕರೆಯೋಲೆಯೂ ತಪ್ಪಿತು. ಕತ್ತಿಗೂ ಕೈಗೂ ಎಣ್ಣೆ ಸವರಿ, ಸಿಪ್ಪೆ ತೆಗೆದ ತುಂಡನ್ನು ತಕ್ಷಣ ಮಜ್ಜಿಗೆ ಬೆರೆಸಿದ ನೀರಿಗೆ ಹಾಕಿ. ಹೊರಗಿಟ್ಟರೆ ಹತ್ತು ನಿಮಿಷದಲ್ಲಿ ಕಪ್ಪಾಗುತ್ತದೆ, ಹೋಟೆಲಿನವರು ಮುಟ್ಟುವುದಿಲ್ಲ.

ಉತ್ತರ 6 – ಸಂತೆಲೆಕ್ಕ

ಚೇನೆಕೆಸ ಅಣ್ಣ ಹೇಳಿದ್ದಕ್ಕೆ ಅರ್ಧ ಒಪ್ಪಿಗೆ. ಗೆಡ್ಡೆ ಹೊಟ್ಟೆ ತುಂಬಿಸೀತು. ಆದರೆ ಹೊಸಬರಿಗೆ ಎಂಟು ತಿಂಗಳು ದುಡ್ಡು ಕಾಣದಿದ್ದರೆ ಅವರು ನಿಲ್ಲುವುದಿಲ್ಲ. 25 ದಿನಕ್ಕೆ ಬರುವ ಹರಿವೆ, 45 ದಿನದ ಮೂಲಂಗಿ, 50 ದಿನದ ಗಿಡ್ಡ ಬೀನ್ಸ್ ಬೇಕೇ ಬೇಕು. ಇವನ್ನು ಒಂದೇ ದಿನ ಬಿತ್ತಬೇಡಿ, ಅಷ್ಟೆ.

ಲೆಕ್ಕ ಹೀಗೆ. ಅರ್ಕಾ ಕೋಮಲ್ ಬೀನ್ಸ್ ಒಳ್ಳೆ ನಿರ್ವಹಣೆಯಲ್ಲಿ ಹೆಕ್ಟೇರಿಗೆ 19 ಟನ್ ಎನ್ನುತ್ತಾರೆ. ಸೆಂಟಿಗೆ ಇಳಿಸಿದರೆ 75 ಕಿಲೋ ಮೇಲೆ. ಹೊಸಬರ ಕೈಯಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಹಿಡಿಯಿರಿ, 36 ಕಿಲೋ. ಕೊಯ್ಲು ಮೂರು ವಾರ ನಡೆಯುತ್ತದೆ, ವಾರಕ್ಕೆ 12 ಕಿಲೋ ಆಯಿತು. ಹಾಗಾಗಿ ವಾರಕ್ಕೆ 12 ಕಿಲೋ ತಪ್ಪದೆ ಬೇಕಾದರೆ ಮೂರು ವಾರಕ್ಕೊಮ್ಮೆ ಒಂದು ಸೆಂಟ್ ಬಿತ್ತಬೇಕು, ಪ್ರತಿ ಸಲ ಕಾಲು ಕಿಲೋ ಬೀಜ. ಹರಿವೆ ಹತ್ತು ಮೀಟರ್ ಉದ್ದದ ಮಡಿಗೆ ಎರಡು ಮೂರು ಗ್ರಾಂ ಬೀಜವನ್ನು ಮರಳಿನ ಜೊತೆ ಬೆರೆಸಿ ಎರಚಿ. ಹತ್ತು ಕಿಲೋ ಬಂದರೆ ಕಾಲು ಕಿಲೋದ 40 ಕಟ್ಟು. ಅದನ್ನು ವಾರಕ್ಕೊಂದು ಮಡಿಯಂತೆ ಬಿತ್ತಿ.

ಬಿತ್ತುವ ಮೊದಲು ಕೊಳ್ಳುವವರ ಪಟ್ಟಿ ಮಾಡಿ. ಸುತ್ತಲಿನ ಹತ್ತು ಹೋಂಸ್ಟೇಗಳಿಗೆ ಹೋಗಿ, ಏನು ಬೇಕು ಎಂದು ಕೇಳಬೇಡಿ, ಎಲ್ಲಾ ಬೇಕು ಎನ್ನುತ್ತಾರೆ. ಹೋದ ವಾರ ಯಾವ ತರಕಾರಿ ಎಷ್ಟು ಕಿಲೋ ತಂದಿರಿ, ಯಾವ ದಿನ, ಎಷ್ಟು ಕೊಟ್ಟಿರಿ ಎಂದು ಕೇಳಿ. ಶುಕ್ರವಾರ ಮಧ್ಯಾಹ್ನದೊಳಗೆ ತಲುಪದ ಸೊಪ್ಪು ಅವರಿಗೆ ಬೇಡ, ಅತಿಥಿಗಳು ಬರುವುದೇ ಶನಿವಾರ, ಭಾನುವಾರ. ಮಳೆಗಾಲದ ನಡುವಾರಗಳಲ್ಲಿ ಕೋಣೆ ಖಾಲಿ. ಆದ್ದರಿಂದ ಅವರೊಬ್ಬರನ್ನೇ ನಂಬಬೇಡಿ. ಉಳಿದದ್ದಕ್ಕೆ ಭಾನುವಾರದ ಗೋಣಿಕೊಪ್ಪ ಸಂತೆ, ಬುಧವಾರದ ವಿರಾಜಪೇಟೆ ಸಂತೆ. ಮೈಸೂರಿನ ಲಾರಿಯ ಟೊಮೆಟೊ ಜೊತೆ ಬೆಲೆಯಲ್ಲಿ ಸೆಣಸಲು ಹೋಗಬೇಡಿ, ಸೋಲುತ್ತೀರಿ. ಲಾರಿಯಲ್ಲಿ ಬಾಡಿ ಬರುವ ಸೊಪ್ಪು, ಬಸಳೆ, ಎಳೆ ಸೌತೆ, ಅಲಸಂದೆ, ಗಾಂಧಾರಿ ಮೆಣಸು ಇವುಗಳಲ್ಲಿ ನೀವು ಗೆಲ್ಲುತ್ತೀರಿ.

ಉಪ್ಪಿನಕಾಯಿ, ಹಪ್ಪಳ, ಬೇಯಿಸಿದ ಕಣಿಲೆ ಮಾಡಿದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿ.

ಉತ್ತರ 7 – ಕಡತ

ಯಾರೂ ಮುಟ್ಟದ ವಿಷಯ ಒಂದಿದೆ, ಜಾಗದ ಕಾಗದ. ಹವಾಯಿಯಲ್ಲಿ ಕಲಿತವರಿಗೆ ಜಾಗ ಗುತ್ತಿಗೆ ಕೊಡಬಹುದು. ಇಲ್ಲಿ 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆ, ಅದರ 1974ರ ತಿದ್ದುಪಡಿಯ ಪ್ರಕಾರ ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಸೇವೆಯಲ್ಲಿರುವ ಸೈನಿಕರ, ನಾವಿಕರ ಜಮೀನಿಗೆ ವಿನಾಯಿತಿ ಇದೆ. ನಿವೃತ್ತರಾದವರು ತಮಗೂ ಅದು ಅನ್ವಯಿಸುತ್ತದೆ ಎಂದುಕೊಳ್ಳಬಾರದು.

ಗದ್ದೆಯ ಮಾಲೀಕರು ಹೆದರುವುದೂ ಇದಕ್ಕೇ. ಪಹಣಿಯ ಸಾಗುವಳಿ ಕಾಲಂನಲ್ಲಿ ಬೇರೆಯವರ ಹೆಸರು ಬಂದರೆ ಎಂದು ಪಾಳು ಬಿಟ್ಟರೂ ಸರಿ, ಕೊಡುವುದಿಲ್ಲ. ಮಾಲೀಕರನ್ನೇ ಒಕ್ಕೂಟದ ಸದಸ್ಯರನ್ನಾಗಿ ಮಾಡಿ. ಸಾಗುವಳಿ ಅವರ ಹೆಸರಿನಲ್ಲೇ ಇರಲಿ. ಕಲಿಯುವವರದು ತರಬೇತಿ ಮತ್ತು ದುಡಿಮೆ, ಫಸಲಿನಲ್ಲಿ ಯಾರಿಗೆ ಎಷ್ಟು, ಬೇಲಿ ಯಾರ ಆಸ್ತಿ, ಎಷ್ಟು ಹಂಗಾಮು ಎಂದು ಬರೆದು ವಕೀಲರಿಗೆ ತೋರಿಸಿಯೇ ಸಹಿ ಹಾಕಿಸಿ. ಜಮ್ಮಾ ಗದ್ದೆಯಾದರೆ (ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದದ್ದು) ಒಬ್ಬರ ಮಾತು ಸಾಲದು, ದಾಖಲೆಯಲ್ಲಿ ಹೆಸರಿರುವ ಪಟ್ಟೇದಾರರದ್ದೂ ಒಕ್ಕದ, ಅಂದರೆ ಮನೆತನದ, ಇತರ ಹಕ್ಕುದಾರರದ್ದೂ ಒಪ್ಪಿಗೆ ಬೇಕು. ಬೇಲಿ ಹಾಕಿದ ಮೇಲೆ ತಕರಾರು ಬಂದರೆ ದುಡ್ಡು ಮುಳುಗಿತು.

ಪ್ರಶ್ನೆ ಕೇಳಿದವರು – ಗದ್ದೆಬದಿ, ಪೊನ್ನಂಪೇಟೆ

ಎಲ್ಲರಿಗೂ ಧನ್ಯವಾದ. ಶುಂಠಿ ಹಾಕಿದ್ದು ಕೆಳಗಿನ ಅರ್ಧ ಎಕರೆಯಲ್ಲಿ ಮಾತ್ರವಂತೆ, ವಿಚಾರಿಸಿದೆ. ಗದ್ದೆ ಜಮ್ಮಾದ್ದೇ, ಕಾಗದದ ಕೆಲಸ ಮೊದಲು ಮುಗಿಸುತ್ತೇವೆ. ಇನ್ನೆರಡು ಸಂಶಯ. ಗದ್ದೆಯ ಮೂಲೆಯಲ್ಲಿ ನಿಂತ ನೀರಿನ ಮೇಲೆ ಡೀಸೆಲ್ ಚೆಲ್ಲಿದಂತೆ ಬಣ್ಣಬಣ್ಣದ ಪೊರೆ, ತಳದಲ್ಲಿ ತುಕ್ಕಿನ ಬಣ್ಣದ ಕೆಸರು. ಯಾರಾದರೂ ಎಣ್ಣೆ ಸುರಿದಿದ್ದಾರೆಯೇ? ಇನ್ನು ಬೇಲಿಗೂ ಮಳೆ ಸೂರಿಗೂ ಅಳತೆ ಹೇಳಿ.

ಉತ್ತರ 8 – ಮಣ್ಣುಪರೀಕ್ಷೆ

ಒಂದು ಕಡ್ಡಿಯಿಂದ ಪೊರೆಯನ್ನು ಕದಡಿ ನೋಡಿ. ಗಾಜು ಒಡೆದಂತೆ ಚೂರುಚೂರಾಗಿ ದೂರ ಸರಿದರೆ ಅದು ಕಬ್ಬಿಣದ ಪೊರೆ, ಬ್ಯಾಕ್ಟೀರಿಯಾದ ಕೆಲಸ. ಕಡ್ಡಿ ತೆಗೆದ ತಕ್ಷಣ ಮತ್ತೆ ಕೂಡಿಕೊಂಡರೆ ಎಣ್ಣೆ. ನಿಮ್ಮದು ಬಹುತೇಕ ಕಬ್ಬಿಣವೇ. ಬಾಣೆಯ ಕೆಂಪು ಮಣ್ಣಿನಿಂದ ಇಳಿದ ಜಲ ಅಲ್ಲಿ ಉಕ್ಕುತ್ತಿದೆ. ಆ ಮೂಲೆಯಲ್ಲಿ ಭತ್ತದ ಕೆಳಗಿನ ಎಲೆಗಳ ತುದಿಯಿಂದ ಕಂದು ಚುಕ್ಕೆ ಶುರುವಾಗಿ ಎಲೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಬೇರು ಕಪ್ಪಾಗುತ್ತದೆ. ಯೂರಿಯಾ ಹಾಕಿದರೆ ಸರಿಹೋಗುವುದಿಲ್ಲ. ಮೊದಲು ಹೇಳಿದ ಅಡ್ಡಕಾಲುವೆ ಆ ಮೂಲೆಯಿಂದಲೇ ಶುರುವಾಗಲಿ. ನಾಟಿಯಾಗಿ ಮೂರು ನಾಲ್ಕು ವಾರಕ್ಕೆ ಒಮ್ಮೆ ನೀರು ಬಸಿದು ನೆಲ ಕೂದಲೆಳೆ ಬಿರುಕು ಬಿಡುವಷ್ಟು ಒಣಗಿಸಿ, ಮತ್ತೆ ನೀರು ಕಟ್ಟಿ. ಪೊಟ್ಯಾಷ್ ತಪ್ಪಿಸಬೇಡಿ.

ಮಳೆ ಸೂರಿಗೆ 200 ಮೈಕ್ರಾನ್‌ನ, ಬಿಸಿಲು ತಡೆಯುವ ಹಾಳೆ. ಆರು ಮೀಟರ್ ಅಗಲ, ಹತ್ತು ಮೀಟರ್ ಉದ್ದ ಸಾಕು, ಹನ್ನೆರಡು ಜನರ ಸಸಿಮಡಿಗೂ ಮಳೆಗಾಲದ ಸೊಪ್ಪಿಗೂ ಆಗುತ್ತದೆ. ನಡುವೆ ಹತ್ತೂವರೆ ಅಡಿ, ಅಂಚಿನಲ್ಲಿ ಐದು ಅಡಿ ಎತ್ತರ. ಇಳಿಜಾರು ಇದಕ್ಕಿಂತ ಚಪ್ಪಟೆಯಾದರೆ ಹಾಳೆಯ ಮೇಲೆ ನೀರು ಗುಂಡಿ ಕಟ್ಟಿ ಒಂದೇ ರಾತ್ರಿ ಹರಿಯುತ್ತದೆ. ಬಿದಿರಾದರೆ ಗಿಣ್ಣು ಕೆತ್ತಿ ನಯ ಮಾಡಿ, ಹಾಳೆ ತಾಗುವ ಕಡೆಗೆಲ್ಲ ಹಳೇ ಸೈಕಲ್ ಟ್ಯೂಬ್ ಸುತ್ತಿ. ನಾಲ್ಕೂ ಬದಿ ತೆರೆದಿರಲಿ. ಮುಚ್ಚಿದರೆ ಒಳಗೆ ತೇವ ಕೂತು ಸಸಿ ಬುಡಕೊಳೆತು ಸಾಲುಸಾಲಾಗಿ ಮಲಗುತ್ತವೆ. 98 ಗುಳಿಯ ಟ್ರೇಗೆ ಒಂದೂಕಾಲು ಕಿಲೋ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹಿಡಿಯುತ್ತದೆ, ಟ್ರೇಯನ್ನು ನೆಲಕ್ಕಿಡದೆ ಹಲಗೆಯ ಮೇಲಿಡಿ. ಜುಲೈ ಮೋಡದಲ್ಲಿ ಸೂರಿನಡಿ ಟೊಮೆಟೊ ಕಾಯಿ ಕಚ್ಚುವುದಿಲ್ಲ, ಹರಿವೆ, ಬಸಳೆ, ಕೊತ್ತಂಬರಿ ಮಾತ್ರ.

ಹುಳದ ಕಡೆ ಗಮನ ಕೊಡಿ. ಮಳೆಗಾಲದಲ್ಲಿ ಬಸವನಹುಳು, ಸಿಂಬಳಹುಳು ಸಸಿಯನ್ನು ರಾತ್ರೋರಾತ್ರಿ ನೆಲಸಮ ಮಾಡುತ್ತವೆ. ಸಂಜೆ ಒದ್ದೆ ಗೋಣಿಚೀಲದಡಿ ಪಪ್ಪಾಯ ಎಲೆ ಹಾಕಿಟ್ಟು, ಬೆಳಗ್ಗೆ ಆರಿಸಿ ಉಪ್ಪುನೀರಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ. ಹವಾಯಿಯಲ್ಲಿ ಇವೇ ಹುಳುಗಳಿಂದ ಇಲಿಯ ಶ್ವಾಸಕೋಶದ ಜಂತು ಮನುಷ್ಯರ ಮಿದುಳಿಗೆ ಹೋಗಿ ಕಾಯಿಲೆ ತರುತ್ತದೆಂದು ಸೊಪ್ಪನ್ನು ಎಲೆಎಲೆಯಾಗಿ ಬಿಡಿಸಿ ತೊಳೆಯಬೇಕೆಂದು ಒತ್ತಿ ಹೇಳುತ್ತಾರೆ. ಹಸಿಯಾಗಿ ತಿನ್ನುವ ಸೊಪ್ಪು ಹೋಂಸ್ಟೇಗೆ ಕೊಡುವುದಾದರೆ ನೀವೂ ಹಾಗೇ ತೊಳೆದು ಕೊಡಿ.

ಉತ್ತರ 9 – ಬೇಲಿಕಂಬ

ಬೇಲಿ ಬಗ್ಗೆ ನಾನು ಹೇಳುತ್ತೇನೆ. ಮನೆ ಕರೆಂಟನ್ನು ತಂತಿಗೆ ನೇರ ಕೊಡುವುದು ಅಪರಾಧ, ಜೀವ ಹೋಗುತ್ತದೆ, ಮೊದಲ ದಿನದ ಪಾಠದಲ್ಲೇ ಇದನ್ನು ಹೇಳಿ. ಸೋಲಾರ್ ಬೇಲಿಗೆ ಎನರ್ಜೈಸರ್ ಬೇಕು, ಅದು ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಹೊಡೆತ ಕೊಡುತ್ತದೆ. ಹಂದಿಗೆ ಮೊದಲ ತಂತಿ ನೆಲದಿಂದ ಮುಕ್ಕಾಲಡಿ, ಎರಡನೆಯದು ಒಂದೂವರೆ ಅಡಿ. ಮೊದಲ ತಂತಿ ಒಂದಡಿ ದಾಟಿದರೆ ಮೂತಿ ತೂರಿಸಿ ನುಗ್ಗಿಬಿಡುತ್ತದೆ. ಮೇಲೆ ಮೂರೂವರೆ, ಐದೂವರೆ ಅಡಿಗೆ ಇನ್ನೆರಡು ತಂತಿ ಎಳೆದರೆ ದಾರಿಹೋಕ ಆನೆ ತಿರುಗೀತು, ಹಸಿದ ಆನೆ ಮರ ಬೀಳಿಸಿ ದಾಟುತ್ತದೆ. ಹಲಸು ಇಳಿಸಿ ಎಂದದ್ದು ಅದಕ್ಕೇ ಸರಿ.

ಬೇಲಿ ಕೆಲಸ ಮಾಡದಿರುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಹುಲ್ಲು ಬೆಳೆದು ತಂತಿಗೆ ತಾಗಿ ವಿದ್ಯುತ್ ನೆಲಕ್ಕೆ ಸೋರುತ್ತದೆ. ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ ಬೇಲಿಯಡಿ ಎರಡಡಿ ಅಗಲ ಸವರಬೇಕು. ಎರಡು, ಅರ್ಥಿಂಗ್, ಅಂದರೆ ಎನರ್ಜೈಸರ್‌ಗೆ ನೆಲದ ಸಂಪರ್ಕ. ಐದಾರು ಅಡಿಯ ಮೂರು ಜಿಐ (ಸತು ಲೇಪಿಸಿದ ಕಬ್ಬಿಣ) ರಾಡ್‌ಗಳನ್ನು ಹತ್ತಡಿಗೊಂದರಂತೆ ತೇವವಿರುವ ಕಡೆ ಹೊಡೆಯಿರಿ. ಫೆಬ್ರವರಿ, ಮಾರ್ಚ್‌ನಲ್ಲಿ ನೆಲ ಒಣಗಿದಾಗ ಹಂದಿಗೆ ಹೊಡೆತವೇ ತಾಗುವುದಿಲ್ಲ, ರಾಡ್ ಬುಡಕ್ಕೆ ವಾರಕ್ಕೊಂದು ಕೊಡ ನೀರು ಹಾಕಿ. ಬೇಲಿಯ ತೀರಾ ಕೊನೆಯ ಕಂಬದಲ್ಲಿ ಪರೀಕ್ಷಕ ಹಿಡಿದಾಗ 5 ಸಾವಿರ ವೋಲ್ಟ್ ಮೇಲಿರಬೇಕು. 3 ಸಾವಿರಕ್ಕಿಂತ ಕೆಳಗಾದರೆ ಹಂದಿಗೆ ತುರಿಕೆ ಅಷ್ಟೆ. ಈ ಅಳತೆ ಬರೆಯುವ ಪಾಳಿಯನ್ನು ಹನ್ನೆರಡು ಜನರಿಗೂ ಹಂಚಿ, ಗೇಟಿನ ಪಕ್ಕದ ಹಲಗೆಯಲ್ಲಿ ಸೀಮೆಸುಣ್ಣದಿಂದ ದಿನಾ ಬರೆಸಿ.

ಮೊದಲ ವರ್ಷ ಒಂದೂವರೆ ಎಕರೆಗೂ ಬೇಲಿ ಬೇಡ. 30 ಸೆಂಟ್ ಬಾಣೆ ಅಂಚಿಗೂ ಅದಕ್ಕೆ ತಾಗಿದ ಅರ್ಧ ಎಕರೆಗೂ ಹಾಕಿ. ಶುಂಠಿ ಬೆಳೆದ ಕೆಳಗಿನ ಭಾಗ ಭತ್ತದಲ್ಲೇ ಇರಲಿ, ಕಾಳು ಹಾಲುಗಟ್ಟುವ ಹೊತ್ತಿಗೆ ಅಲ್ಲಿಗೆ ಒಂದೇ ತಂತಿ ಎಳೆದುಕೊಂಡರೆ ಆಯಿತು.